ಕಬ್ಬಿನ ಸೀಸನ್ನಲ್ಲಿ ಡ್ಯೂಕ್ 390 ಸರ್ವಿಸ್

ಸದಲಗಾ, ಚಿಕ್ಕೋಡಿ ಕಡೆ ಕಬ್ಬಿನ ಸೀಸನ್ ಅಂದ್ರೆ ಟ್ರ್ಯಾಕ್ಟರ್ ಹಿಂದೆ ಟ್ರ್ಯಾಕ್ಟರ್, ರಸ್ತೆ ತುಂಬ ಧೂಳು. ಆ ಧೂಳನ್ನೇ ನಿಮ್ಮ ಕೆಟಿಎಂ ಡ್ಯೂಕ್ 390 ಬೈಕ್ ಕೂಡ ಎಳೆದುಕೊಳ್ಳುತ್ತೆ. ಮ್ಯಾನ್ಯುವಲ್‌ನಲ್ಲಿರೋ ಕಿಲೋಮೀಟರ್ ತುಂಬೋ ತನಕ ಕಾಯಬೇಡಿ. ಸೀಸನ್ ನಡುವೆಯೇ ಒಮ್ಮೆ ಏರ್ ಫಿಲ್ಟರ್ ಬಿಚ್ಚಿ ನೋಡಿ. ಕಾಗದದ್ದಾದರೆ ತೊಳೆಯಬೇಡಿ, ಬದಲಿಸಿ. ಹೊಸದನ್ನು ಕೂರಿಸಿದ ಮೇಲೆ ರಬ್ಬರ್ ಅಂಚಿನ ಸುತ್ತ ಬೆರಳಾಡಿಸಿ. ಕೂದಲೆಳೆಯಷ್ಟು ಸಂದು ಉಳಿದರೂ ಮಣ್ಣು ನೇರ ಸಿಲಿಂಡರಿಗೆ, ಪಿಸ್ಟನ್ ರಿಂಗ್ ಸವೆಯೋದು ಅಲ್ಲಿಂದಲೇ ಶುರು.

ಐಡಲ್ ಏರಿಳಿತಾ ಇದೆಯಾ? ಕಾರ್ಬ್ಯುರೇಟರಿನಲ್ಲಿ ಪಳಗಿದ ಕೈ ತಕ್ಷಣ ಸ್ಕ್ರೂ ಹುಡುಕುತ್ತೆ. ಇಲ್ಲಿ ಬೇಡ, ಇದು ಫ್ಯುಯೆಲ್ ಇಂಜೆಕ್ಷನ್ ಬೈಕ್! ಥ್ರಾಟಲ್ ಬಾಡಿಯ ಸ್ಟಾಪ್ ಸ್ಕ್ರೂ ಕಾರ್ಖಾನೆಯಲ್ಲೇ ಹೊಂದಿಸಿದ್ದು. ಅದು ಕದಲಿದರೆ ಥ್ರಾಟಲ್ ಸೆನ್ಸರಿನ ಸೊನ್ನೆಯ ಲೆಕ್ಕವೇ ತಪ್ಪಿ, ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಪೆಟ್ರೋಲನ್ನು ತಪ್ಪಾಗಿ ಅಳೆಯುತ್ತೆ. ಮೊದಲು ಒಳಗಿನ ದುಂಡು ತಟ್ಟೆಯ ಅಂಚಿನ ಕಪ್ಪು ಮಸಿ ನೋಡಿ. ಕ್ಲೀನರನ್ನು ಬಟ್ಟೆಗೆ ಹಾಕಿ ಮೆಲ್ಲಗೆ ಒರೆಸಿ. ಸೆನ್ಸರ್ ಮೇಲೆ ಸ್ಪ್ರೇ ಹೊಡೆಯಲೇಬೇಡಿ. 2017ರಿಂದೀಚಿನ ಡ್ಯೂಕಿನಲ್ಲಿ ಆ ತಟ್ಟೆಯನ್ನು ತಿರುಗಿಸೋದು ಮೋಟರ್, ಹಾಗಾಗಿ ಬೆರಳಿಂದ ಒತ್ತಿ ತೆರೆಯಬೇಡಿ.

ಇಂಧನ ಪೈಪಿಗೆ ಮನೆಯಲ್ಲಿ ಕೈ ಹಾಕಬೇಡಿ ಅಂತಲೇ ನನ್ನ ಮಾತು. ಒಳಗೆ ಒತ್ತಡ ಇರುತ್ತೆ. ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಚಿಮ್ಮಿದರೆ ಬೆಂಕಿ. ಚೆಕ್ ಎಂಜಿನ್ ದೀಪ ಉರಿದರೂ ಅಷ್ಟೇ: ಮೊದಲು ದೋಷದ ಕೋಡ್ ಓದಿಸಿ, ಆಮೇಲೆ ಪಾರ್ಟ್ ಕೊಳ್ಳಿ.