ಸೇವಾ ನಾಯಿ ಒಂಟಿಯಾಗಿ ಬಂದರೆ

2001ರಲ್ಲಿ ಇಂಗ್ಲೆಂಡಿನಲ್ಲಿ ಅಲೆನ್ ಪಾರ್ಟನ್ ಎಂಬ ಮಾಜಿ ನೌಕಾಪಡೆ ಸಿಬ್ಬಂದಿಗೆ ಕಾರೊಂದು ಬಡಿದು, ಅವರು ಗಾಲಿಕುರ್ಚಿಯಿಂದ ಉರುಳಿ ಪ್ರಜ್ಞೆ ತಪ್ಪಿ ಬಿದ್ದರು. ಜೊತೆಗಿದ್ದದ್ದು ಅವರ ಸೇವಾ ನಾಯಿ, ಎಂಡಲ್ ಎಂಬ ಲ್ಯಾಬ್ರಡಾರ್. ಅದು ಒಡೆಯನನ್ನು ಎಳೆದು ಮಗ್ಗುಲಾಗಿಸಿತು, ಕಾರಿನಡಿ ಬಿದ್ದಿದ್ದ ಮೊಬೈಲನ್ನು ಕಚ್ಚಿ ತಂದಿತು, ಕಂಬಳಿ ಹೊದಿಸಿತು, ಬೊಗಳಿತು. ಆಮೇಲೆ ಹತ್ತಿರದ ಹೋಟೆಲಿಗೆ ಓಡಿ ಜನರನ್ನು ಕರೆಯಿತು. ಈ ಕಥೆ ಹೇಳುವವರೆಲ್ಲ ನಾಯಿಯನ್ನೇ ಹೊಗಳುತ್ತಾರೆ. ಹೊಗಳಲಿ, ಅದಕ್ಕೆ ಪದಕವೂ ಬಂತು. ಆದರೆ ಕೊನೆಯ ಕೊಂಡಿ ನಾಯಿಯ ಕೈಯಲ್ಲಿರಲಿಲ್ಲ. ಹೋಟೆಲಿನವರು ‘ಯಾರದೋ ನಾಯಿ, ಆಚೆಗಟ್ಟು’ ಎಂದಿದ್ದರೆ ಅಷ್ಟೂ ಕೆಲಸ ನೀರಿನಲ್ಲಿ ಮಾಡಿದ ಹೋಮವಾಗುತ್ತಿತ್ತು.

ಅಂಗವಿಕಲರಿಗೆ ನೆರವಾಗಲು ತರಬೇತಾದ ಇಂಥ ಸೇವಾ ನಾಯಿಗಳು ಸಾಮಾನ್ಯವಾಗಿರುವ ಅಮೆರಿಕ, ಬ್ರಿಟನ್ನುಗಳಲ್ಲಿ ಸಾರ್ವಜನಿಕರಿಗೆ ಮೊದಲು ಕಲಿಸುವ ಪಾಠವೆಂದರೆ ಅದರ ತಂಟೆಗೆ ಹೋಗಬೇಡಿ ಎಂಬುದು. ಮುಟ್ಟಬೇಡಿ, ಕರೆಯಬೇಡಿ, ಬಿಸ್ಕತ್ತು ಹಾಕಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಲೂಬೇಡಿ. ಪಾಠ ಸರಿಯಾದದ್ದೇ. ಅಂಧರೊಬ್ಬರು ರಸ್ತೆ ದಾಟುವಾಗ ನಾಯಿಯ ಗಮನ ಒಂದು ಕ್ಷಣ ಬೇರೆಡೆ ಹೋದರೂ ಪೆಟ್ಟು ಬೀಳುವುದು ಮನುಷ್ಯರಿಗೆ. ತೊಂದರೆ ಏನೆಂದರೆ, ಈ ಪಾಠವನ್ನು ಚೆನ್ನಾಗಿ ಕಲಿತವರೇ, ನಾಯಿ ಒಡೆಯನಿಲ್ಲದೆ ತಮ್ಮ ಮುಂದೆ ಬಂದು ನಿಂತಾಗಲೂ ಮುಖ ತಿರುಗಿಸಿಬಿಡಬಹುದು. ನಿಯಮ ಹುಟ್ಟಿದ್ದು ನಾಯಿಯ ಮರ್ಯಾದೆ ಕಾಪಾಡಲಿಕ್ಕಲ್ಲ, ಅದನ್ನು ನಂಬಿದ ಮನುಷ್ಯರ ಸುರಕ್ಷತೆಗಾಗಿ. ಆ ಮನುಷ್ಯರು ಪಕ್ಕದಲ್ಲಿಲ್ಲ, ನಾಯಿ ಮಾತ್ರ ಬಂದಿದೆ ಎಂದಾಗ ಅದೇ ಕಾರಣವೇ ನಮ್ಮನ್ನು ನಾಯಿಯ ಹಿಂದೆ ನಡೆಸಬೇಕು.

ನಾಯಿ ಸುಮ್ಮನೆ ಅಡ್ಡಾಡಲು ಬಂದಿರಬಾರದೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಸಿಗುವುದು, ವಿಚಿತ್ರವೆನಿಸಿದರೂ, ನಾಯಿಪ್ರಿಯರಿಗೆ ಬೇಸರ ತರಿಸುವ ಒಂದು ಪ್ರಯೋಗದಲ್ಲಿ. ಮಾಲೀಕ ಆಪತ್ತಿನಲ್ಲಿದ್ದರೆ ಯಾವ ನಾಯಿಯಾದರೂ ಓಡಿಹೋಗಿ ಜನರನ್ನು ಕರೆತರುತ್ತದೆ ಎಂಬ ನಂಬಿಕೆಯನ್ನು 1943ರ ಸಿನಿಮಾದಿಂದ ಹೆಸರಾದ ಲ್ಯಾಸಿ ಎಂಬ ನಾಯಿ, ಅದರ ನಂತರದ ದೂರದರ್ಶನ ಧಾರಾವಾಹಿ ಲೋಕಕ್ಕೆಲ್ಲ ಹಂಚಿದವು. ಕೆನಡಾದ ಕ್ರಿಸ್ಟಾ ಮ್ಯಾಕ್‌ಫರ್ಸನ್ ಮತ್ತು ವಿಲಿಯಂ ರಾಬರ್ಟ್ಸ್ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಒಂದು ಪ್ರಯೋಗದಲ್ಲಿ ಮಾಲೀಕರು ಬಯಲಲ್ಲಿ ಹೃದಯಾಘಾತವಾದಂತೆ ನಟಿಸಿ ಕುಸಿದರು, ಇನ್ನೊಂದರಲ್ಲಿ ಪುಸ್ತಕದ ಕಪಾಟು ಮೈಮೇಲೆ ಬಿದ್ದಂತೆ ನಟಿಸಿ ಕೂಗಿಕೊಂಡರು. ಸಾಕುನಾಯಿಗಳು ಹತ್ತಿರವೇ ಇದ್ದ ಅಪರಿಚಿತರ ನೆರವು ಕೇಳಲಿಲ್ಲ. ಅವುಗಳಿಗೆ ಪ್ರೀತಿ ಇಲ್ಲವೆಂದಲ್ಲ. ಅರಿಜೋನಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಪೆಟ್ಟಿಗೆಯೊಳಗಿಂದ ಕೂಗುತ್ತಿದ್ದ ಮಾಲೀಕರನ್ನು 60 ನಾಯಿಗಳಲ್ಲಿ 20 ತಾವಾಗಿಯೇ ಬಿಡಿಸಿದವು. ಒಡೆಯನ ಬಳಿಗೆ ಹೋಗುವುದು ನಾಯಿಯ ಸ್ವಭಾವದಲ್ಲಿದೆ. ಅವನನ್ನು ಬಿಟ್ಟು ಮೂರನೆಯವರ ಬಳಿಗೆ ಹೋಗುವುದು ಬೇರೆಯೇ ಮಾತು. ಅದನ್ನು ಕಲಿಸಬೇಕು. ಎಂಡಲ್ ಕೂಡ ತರಬೇತಾದ ನಾಯಿ. ಹತ್ತನೆಯ ಶತಮಾನದ ನಮ್ಮ ಆತಕೂರಿನ ಶಾಸನ ನೆನೆಯುವ ‘ಕಾಳಿ’ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದೂ ಬೇಟೆಯಲ್ಲಿ, ಅಂದರೆ ತನ್ನ ಕಸುಬಿನಲ್ಲಿಯೇ. ಆದ್ದರಿಂದ ಮೈಗೆ ಸೇವಾ ನಾಯಿಯ ಪಟ್ಟಿ ತೊಟ್ಟ ನಾಯಿಯೊಂದು ಗುರುತಿಲ್ಲದ ನಿಮ್ಮನ್ನು ಹುಡುಕಿ ಬಂದು, ಮೂಗಿನಿಂದ ಕೈ ತಿವಿದು, ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿ, ಮತ್ತೆ ನಿಮ್ಮ ಬಳಿಗೇ ಬಂದರೆ, ಅದು ನಾಯಿಯ ಸಹಜ ಚೇಷ್ಟೆಯಾಗಿರುವುದಕ್ಕಿಂತ ಕಲಿತ ಕೆಲಸವಾಗಿರುವ ಸಂಭವವೇ ಹೆಚ್ಚು.

ಕಾನೂನೂ ಇದಕ್ಕೆ ಹೊಂದುತ್ತದೆ. ಅಮೆರಿಕದ ಅಂಗವಿಕಲರ ಹಕ್ಕುಗಳ ಕಾಯ್ದೆ 1990ರದು. ಅದರಡಿಯ ನಿಯಮಗಳ ಪ್ರಕಾರ ಸೇವಾ ನಾಯಿ ಎಂದರೆ ಒಬ್ಬ ವ್ಯಕ್ತಿಯ ಅಂಗವೈಕಲ್ಯಕ್ಕೆ ತಕ್ಕ ನಿರ್ದಿಷ್ಟ ಕೆಲಸ ಕಲಿತ ನಾಯಿ. ಅದು ಸದಾ ಒಡೆಯರ ಹಿಡಿತದಲ್ಲಿರಬೇಕು. ಹಗ್ಗ ಕೆಲಸಕ್ಕೆ ಅಡ್ಡಿಯಾದಾಗ, ಇಲ್ಲವೇ ಅಂಗವೈಕಲ್ಯದಿಂದಾಗಿ ಒಡೆಯರಿಗೆ ಹಗ್ಗ ಬಳಸಲಾಗದಿದ್ದಾಗ ಮಾತ್ರ ಹಗ್ಗ ಬೇಡ. ಹಾಗಿರುವಾಗ ಹಗ್ಗವನ್ನು ನೆಲದಲ್ಲಿ ಎಳೆದುಕೊಂಡು ಒಂಟಿಯಾಗಿ ಬಂದ ಸೇವಾ ನಾಯಿ ಎಂದರೇ ಎಲ್ಲೋ ಏನೋ ತಪ್ಪಿದೆ ಎಂದು ಅರ್ಥ.

ಇಲ್ಲಿ ಪ್ರಾಮಾಣಿಕವಾಗಿ ಒಪ್ಪಬೇಕಾದದ್ದೂ ಇದೆ. ಎಲ್ಲ ಸೇವಾ ನಾಯಿಗಳಿಗೂ ಜನರನ್ನು ಕರೆತರುವ ಪಾಠ ಹೇಳಿಕೊಡುವುದಿಲ್ಲ. ವಾಹನಗಳ ನಡುವೆ ಒಂಟಿ ನಾಯಿಯನ್ನು ಅಟ್ಟುವುದೇ ಅಪಾಯವಾದ್ದರಿಂದ ಎಷ್ಟೋ ನಾಯಿಗಳಿಗೆ ಬಿದ್ದವರ ಪಕ್ಕದಲ್ಲೇ ನಿಂತು ಬೊಗಳಲು, ಮುಖ ನೆಕ್ಕಲು, ಗುಂಡಿ ಒತ್ತಲು ಕಲಿಸುತ್ತಾರೆ. ಮೈಮೇಲಿನ ಪಟ್ಟಿಯೂ ಪ್ರಮಾಣಪತ್ರವಲ್ಲ. ಅಮೆರಿಕದ ಕಾನೂನು ಅದನ್ನು ಕಡ್ಡಾಯ ಮಾಡಿಲ್ಲ, ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ಹೀಗಾಗಿ ಬಂದದ್ದು ದಾರಿ ತಪ್ಪಿದ ಮುದ್ದಿನ ನಾಯಿಯೂ ಆಗಿರಬಹುದು. ಆಗಲಿ. ತಪ್ಪಾಗಿ ಹಿಂಬಾಲಿಸಿದರೆ ಐದು ನಿಮಿಷ ಹೋಗುತ್ತದೆ, ಯಾರದೋ ಕಳೆದ ನಾಯಿ ಸಿಗುತ್ತದೆ. ತಪ್ಪಾಗಿ ಅಟ್ಟಿದರೆ ಏನು ಹೋಗಬಹುದೆಂದು ಹೇಳಬೇಕಿಲ್ಲ.

ನಾಯಿಯೆಂದರೆ ಹೆದರಿಕೆ ಎನ್ನುವವರ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. ರೇಬಿಸ್ ಇರುವ, ಬೀದಿನಾಯಿಗಳ ಹಿಂಡಿರುವ ಊರುಗಳಲ್ಲಿ ಬೆಳೆದವರಿಗೆ ಗುರುತಿಲ್ಲದ ನಾಯಿ ಹತ್ತಿರ ಬಂದೊಡನೆ ಬಾಯಿಗೆ ‘ಹಚಾ’ ಬರುವುದು, ಕೈ ಕಲ್ಲು ಹುಡುಕುವುದು ದಡ್ಡತನವಲ್ಲ, ಅನುಭವ. ಬೆಂಗಳೂರಿನ ಬೀದಿಯಲ್ಲಿ ಈ ಲೇಖನದ ಮಾತನ್ನು ಎದುರಾದ ನಾಯಿಗಳಿಗೆಲ್ಲ ಅನ್ವಯಿಸಬೇಕೆಂದು ಯಾರೂ ಹೇಳುತ್ತಿಲ್ಲ; ಇಲ್ಲಿ ಸೇವಾ ನಾಯಿಗಳೇ ಅಪರೂಪ. ಆದರೆ ಮಕ್ಕಳ ಮನೆಗೆಂದು ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೋಗಿ ಸಂಜೆ ವಾಕಿಂಗ್ ಹೊರಡುವ ನಮ್ಮ ಹಿರಿಯರಿಗೆ ಬೀದಿನಾಯಿಗೂ ಸೇವಾ ನಾಯಿಗೂ ಇರುವ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. ಅಮೆರಿಕದ ಮೊದಲ ಮಾರ್ಗದರ್ಶಿ ನಾಯಿ ಶಾಲೆ, 1929ರಲ್ಲಿ ಶುರುವಾದ ‘ಸೀಯಿಂಗ್ ಐ’, ಇರುವುದೂ ನ್ಯೂಜೆರ್ಸಿಯ ಮಾರಿಸ್‌ಟೌನಿನಲ್ಲೇ. ಹೆದರುವವರು ನಾಯಿಯನ್ನು ಮುಟ್ಟಬೇಕಾಗಿಲ್ಲ. ನಾಲ್ಕು ಮಾರು ದೂರದಲ್ಲೇ ಹಿಂಬಾಲಿಸಬಹುದು, ಇಲ್ಲವೇ ಪಕ್ಕದ ಅಂಗಡಿಯವರನ್ನೋ ದಾರಿಹೋಕರನ್ನೋ ಕರೆದು ತೋರಿಸಬಹುದು. ಕತ್ತಲಲ್ಲಿ, ನಿರ್ಜನ ಜಾಗಕ್ಕೆ ಒಬ್ಬರೇ ಹೋಗುವುದು ಯಾರಿಗೂ ಬೇಡ; ಇನ್ನೊಬ್ಬರನ್ನು ಜೊತೆ ಮಾಡಿಕೊಂಡೇ ಹೋಗಿ.

ಹಿಂಬಾಲಿಸುವಾಗ ಹಗ್ಗ ಹಿಡಿದು ಜಗ್ಗದೆ, ನಾಯಿಯನ್ನು ಮುಂದೆ ಬಿಟ್ಟು ನಡೆಯಬೇಕು. ತಲುಪಿದ ಜಾಗದಲ್ಲಿ ಕಾಣುವುದು ಹಲವು ಸಲ ಅಪಸ್ಮಾರದ ಸೆಳೆತವೋ, ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆ ಕುಸಿದದ್ದೋ ಆಗಿರಬಹುದು. ಈ ಹಂತದಲ್ಲಿ ನಮ್ಮ ಕಡೆಯವರು ಮರೆಯಬೇಕಾದ ಕೆಲವು ಅಭ್ಯಾಸಗಳಿವೆ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಕೈಕಾಲು ಅದುಮಿ ಹಿಡಿಯುವುದು. ಇವುಗಳಲ್ಲಿ ಕೆಲವು ನಿಷ್ಪ್ರಯೋಜಕ, ಕೊನೆಯ ಎರಡು ಹಾನಿಕರ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಸುತ್ತಲಿನ ಚೂಪಾದ ವಸ್ತು ಸರಿಸಿ, ಗಡಿಯಾರ ನೋಡಿ, ಒಂದು ಮಗ್ಗುಲಿಗೆ ಹೊರಳಿಸಬೇಕು. ಸೆಳೆತ ಐದು ನಿಮಿಷ ದಾಟಿದರೆ, ಒಂದರ ಹಿಂದೆ ಇನ್ನೊಂದು ಬಂದರೆ, ಉಸಿರಾಟ ಸರಿಯಿಲ್ಲದಿದ್ದರೆ, ಪೆಟ್ಟಾಗಿದ್ದರೆ ಆಂಬುಲೆನ್ಸ್ ಕರೆಯಬೇಕು. ಅಮೆರಿಕದಲ್ಲಿ 911, ಇಲ್ಲಿ 108 ಅಥವಾ 112. ಪ್ರಜ್ಞೆಯಿಲ್ಲದವರ ಬಾಯಿಗೆ ನೀರನ್ನೂ ಹಾಕಬಾರದು, ಸಕ್ಕರೆಯನ್ನೂ ಹಾಕಬಾರದು. ಕೈಬಳೆಯಲ್ಲಿ, ನಾಯಿಯ ಪಟ್ಟಿಯ ಜೇಬಿನಲ್ಲಿ ಕಾಯಿಲೆಯ ವಿವರವೋ ಮನೆಯವರ ನಂಬರೋ ಇರಬಹುದು, ನೋಡಿ. ನಾಯಿ ಒಡೆಯರ ಮೇಲೆ ಒರಗಿ ಮಲಗಿದರೆ ಓಡಿಸಬೇಡಿ, ಅದೂ ಕಲಿತ ಕೆಲಸವೇ ಆಗಿರಬಹುದು.

ಬಿದ್ದವರು ಎದ್ದು ಕೂತು ‘ಏನಿಲ್ಲ, ಕಾಲು ಜಾರಿತಷ್ಟೇ’ ಎಂದರೆ ನಂಬಿ, ಬೇಕಾದ್ದೇನಾದರೂ ಇದೆಯೇ ಎಂದು ಕೇಳಿ, ಬೇಡವೆಂದರೆ ಹೊರಟುಬಿಡಿ. ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತ ನಿಲ್ಲುವುದು ಅವರಿಗೆ ಬೀಳುವುದಕ್ಕಿಂತ ದೊಡ್ಡ ಅವಮಾನ. ಆಂಬುಲೆನ್ಸ್ ಬಂದರೆ ಅಮೆರಿಕದ ನಿಯಮದಂತೆ ಸೇವಾ ನಾಯಿಯೂ ಸಾಮಾನ್ಯವಾಗಿ ಜೊತೆಯಲ್ಲೇ ಹೋಗಬಹುದು. ಒಳಗೆ ಜಾಗವಿಲ್ಲದೆ ಚಿಕಿತ್ಸೆಗೆ ತೊಡಕಾಗುವಂತಿದ್ದರೆ ಅದನ್ನು ಆಸ್ಪತ್ರೆಗೆ ತಲುಪಿಸಲು ಬೇರೆ ಏರ್ಪಾಡು ಮಾಡಬೇಕು. ಆ ಏರ್ಪಾಡು ಆಗುವ ತನಕ ಹಗ್ಗ ಹಿಡಿದು ನಿಲ್ಲಲು ಒಬ್ಬರು ಬೇಕು. ಬಹುಮಟ್ಟಿಗೆ ಅದು ನಾಯಿಯ ಹಿಂದೆ ನಡೆದು ಬಂದವರೇ ಆಗಿರುತ್ತಾರೆ.