ಕೊರಳ ಗಡಿಯಾರಗಳ ಆಕಾರವೈಚಿತ್ರ್ಯ

ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಹದಿನೇಳನೆಯ ಶತಮಾನದ ಆಭರಣಗಳ ನಡುವೆ ಟ್ಯೂಲಿಪ್ ಮೊಗ್ಗು, ಶಿಲುಬೆ, ನಕ್ಷತ್ರ, ತಲೆಬುರುಡೆ, ಸಿಂಹ ಮೊದಲಾದ ರೂಪಗಳುಳ್ಳ ಸಣ್ಣ ಪದಕಗಳು ಕಾಣಸಿಗುತ್ತವೆ. ಮುಚ್ಚಳವನ್ನು ತೆರೆದರೆ ಒಳಗಿರುವುದು ಗಡಿಯಾರ. ಕಾಲವನ್ನಳೆಯುವ ಯಂತ್ರಕ್ಕೆ ಇಂಥ ವೇಷವೇಕೆ ಬೇಕಾಯಿತು? ಧನಿಕರ ಚಪಲವೆಂದು ಈ ಪ್ರಶ್ನೆಯನ್ನು ತಳ್ಳಿಬಿಡುವುದು ಸುಲಭ. ಆದರೆ ಯಂತ್ರದ ಚರಿತ್ರೆಯನ್ನು ಬಿಟ್ಟು ಆಭರಣದ ಚರಿತ್ರೆಯನ್ನು ಮಾತ್ರ ನೋಡುವವರಿಗೆ ಈ ವಸ್ತುಗಳ ಅರ್ಥ ಪೂರ್ಣವಾಗಿ ತಿಳಿಯಲಾರದು.

ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಲಂಡನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿರುವ ಪಚ್ಚೆಯ ಗಡಿಯಾರ. 1912ರಲ್ಲಿ ಲಂಡನ್ನಿನ ಚೀಪ್‌ಸೈಡ್ ಬೀದಿಯಲ್ಲಿ ಹಳೆಯ ಕಟ್ಟಡಗಳನ್ನು ಕೆಡವುತ್ತಿದ್ದ ಕೂಲಿಯಾಳುಗಳಿಗೆ ನೆಲದೊಳಗೆ ಹೂತಿಟ್ಟಿದ್ದ ಒಡವೆಗಳ ದೊಡ್ಡ ನಿಧಿಯೊಂದು ದೊರೆಯಿತು. ಅದನ್ನು 1640ಕ್ಕೂ 1666ರ ಮಹಾ ಅಗ್ನಿದುರಂತಕ್ಕೂ ನಡುವೆ ಹೂತಿರಬೇಕೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಅದರೊಳಗಿನ ಈ ಗಡಿಯಾರವು 1600ರ ಸುಮಾರಿನದು. ಆರು ಮುಖಗಳ ಒಂದು ದೊಡ್ಡ ಪಚ್ಚೆಯ ಹರಳನ್ನು ಕೊರೆದು, ಪೊಳ್ಳುಮಾಡಿ, ಅದರ ಹೊಟ್ಟೆಯಲ್ಲಿ ಯಂತ್ರವನ್ನು ಕೂರಿಸಿದ್ದಾರೆ. ಮುಚ್ಚಳವೂ ಪಚ್ಚೆಯದೇ, ಅದರ ಮೂಲಕ ಅಂಕಿಗಳುಳ್ಳ ಮುಖವು ಹಸುರಾಗಿ ಕಾಣುತ್ತದೆ. ಹರಳು ದಕ್ಷಿಣ ಅಮೆರಿಕದ ಕೊಲಂಬಿಯಾ ಸೀಮೆಯದು. ಆ ಸೀಮೆಯ ಪಚ್ಚೆಗಳೇ ಪೋರ್ಚುಗೀಸರ ಕೈಯಿಂದ ಗೋವೆಗೆ ಬಂದು ಮೊಗಲರ ಬೊಕ್ಕಸವನ್ನೂ ಸೇರಿದವೆಂಬುದನ್ನು ಇಲ್ಲಿ ನೆನೆಯಬಹುದು. ಪಚ್ಚೆಯು ಸುಲಭವಾಗಿ ಒಡೆಯುವ ಕಲ್ಲು; ಕೊರೆಯುವಾಗ ಒಂದು ಏಟು ತಪ್ಪಿದ್ದರೆ ಹರಳೆಲ್ಲವೂ ಹಾಳಾಗುತ್ತಿತ್ತು. ಇಷ್ಟು ಸಾಹಸದಿಂದ ಮಾಡಿದ ಕವಚದೊಳಗಿನ ಯಂತ್ರವಾದರೋ ಸರಿಯಾದ ವೇಳೆಯನ್ನು ತೋರಿಸಲು ಅಸಮರ್ಥವಾದುದು.

ಇದೇ ವಿಷಯದ ಮರ್ಮ. ಆ ಕಾಲದ ಗಡಿಯಾರಗಳಲ್ಲಿ ಸುತ್ತಿದ ಉಕ್ಕಿನ ಪಟ್ಟಿಯೊಂದು ಚಕ್ರಗಳನ್ನು ನಡೆಸುತ್ತಿತ್ತು. ಪಟ್ಟಿಯು ಬಿಚ್ಚಿಕೊಂಡಂತೆಲ್ಲ ಅದರ ಬಲ ಕುಗ್ಗುವುದು. ಈ ಕೊರತೆಯನ್ನು ಸರಿದೂಗಿಸಲು ಶಂಕುವಿನಾಕಾರದ ಉರುಳೆಗೆ ಕರುಳಿನ ದಾರವನ್ನು ಸುತ್ತುತ್ತಿದ್ದರು. ಆದರೆ ವೇಗವನ್ನು ನಿಯಂತ್ರಿಸಬೇಕಾದ ತೂಗುಚಕ್ರಕ್ಕೆ ತನ್ನದೇ ಆದ ಸ್ಪ್ರಿಂಗು ಇರಲಿಲ್ಲ. ಆದಕಾರಣ ದಿನಕ್ಕೆ ಅರ್ಧ ಗಂಟೆ ಹೆಚ್ಚುಕಡಮೆಯಾಗುವುದು ಸಾಮಾನ್ಯವಾಗಿತ್ತು. ಮುಖದ ಮೇಲೆ ಇರುತ್ತಿದ್ದುದು ಗಂಟೆಯ ಮುಳ್ಳೊಂದೇ. ಅದನ್ನೂ ಸೂರ್ಯಗಡಿಯಾರಕ್ಕೆ ಹೋಲಿಸಿ ತಿದ್ದಿಕೊಳ್ಳಬೇಕಾಗಿತ್ತು. ನಿಮಿಷವನ್ನು ತೋರಿಸಲಾರದ ಯಂತ್ರಕ್ಕೆ ಓದಲು ಅನುಕೂಲವಾದ ಅಗಲ ಮುಖವೇಕೆ? ಕವಚವು ಯಾವ ರೂಪವನ್ನು ತಾಳಿದರೂ ನಷ್ಟವಿರಲಿಲ್ಲ. ಅಕ್ಕಸಾಲಿಗನ ಸ್ವಾತಂತ್ರ್ಯವು ಯಂತ್ರಜ್ಞನ ಅಸಾಮರ್ಥ್ಯದ ಫಲವೆಂದರೆ ತಪ್ಪಾಗದು.

ಈ ಕಲೆಯ ಮುಖ್ಯ ಕೇಂದ್ರಗಳಲ್ಲಿ ಜಿನೀವಾ ಒಂದು. ಕ್ಯಾಲ್ವಿನ್ನನ ಮತಶಾಸನವು ಆಭರಣಗಳನ್ನು ನಿಷೇಧಿಸಿದ್ದರಿಂದ ಅಲ್ಲಿಯ ಅಕ್ಕಸಾಲಿಗರು ಗಡಿಯಾರದ ಕೆಲಸಕ್ಕೆ ಇಳಿದರೆಂದು ಜನಪ್ರಿಯ ಗ್ರಂಥಗಳು ಹೇಳುತ್ತವೆ. ಇದರಲ್ಲಿ ಅರ್ಧ ಸತ್ಯವಿದೆ. ಶಿಲುಬೆ, ಪೂಜಾಪಾತ್ರೆ ಮೊದಲಾದುವನ್ನು ಮಾಡಕೂಡದೆಂದು 1566ರಲ್ಲಿ ಅಕ್ಕಸಾಲಿಗರಿಗೆ ಕಟ್ಟಳೆಯಾದುದು ನಿಜ. ಆದರೆ ನಿಷೇಧವೊಂದರಿಂದಲೇ ಹೊಸ ವಿದ್ಯೆ ಹುಟ್ಟುವುದಿಲ್ಲ. ಗಡಿಯಾರದ ಕಸುಬನ್ನು ಅಲ್ಲಿಗೆ ತಂದವರಲ್ಲಿ ಮತಹಿಂಸೆಗೆ ಅಂಜಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟ್ ಕುಶಲಿಗಳ ಪಾಲು ದೊಡ್ಡದು. 1601ರ ವೇಳೆಗೆ ಅಲ್ಲಿ ಗಡಿಯಾರಗಾರರ ಶ್ರೇಣಿಯೇ ಏರ್ಪಟ್ಟಿತು. ಇನ್ನೂ ವಿಚಿತ್ರವೆಂದರೆ ಇದೇ ಊರಿನ ಕುಶಲಿಗಳು ಮುಂದೆ ಶಿಲುಬೆಯಾಕಾರದ ಗಡಿಯಾರಗಳನ್ನು ಮಾಡಿದರು. ವ್ಯಾಪಾರದ ಮುಂದೆ ಮತನಿಷ್ಠೆ ಎಷ್ಟು ದೂರ ನಡೆಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ತಲೆಬುರುಡೆಯ ಗಡಿಯಾರಗಳು ಮರಣಸ್ಮರಣೆಗಾಗಿ ಮಾಡಿದವು. ಬುರುಡೆಯನ್ನು ತಲೆಕೆಳಗಾಗಿ ಹಿಡಿದು ದವಡೆಯನ್ನು ತೆರೆದರೆ ವೇಳೆ ಕಾಣುವುದು. ಸ್ಕಾಟ್ಲೆಂಡಿನ ರಾಣಿ ಮೇರಿಯು ತನ್ನ ಸಖಿ ಮೇರಿ ಸೀಟನ್ನಳಿಗೆ ಇಂಥದೊಂದನ್ನು ಕೊಟ್ಟಳೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಥೆಯ ಸೊಗಸಿಗೆ ಮಾರುಹೋದವರಿಗಾಗಿ ಅನೇಕ ನಕಲುಗಳು ತಯಾರಾದವು. ವಸ್ತುವಿಗೆ ಅಂಟಿಕೊಂಡ ಕಥೆಯನ್ನು ದಾಖಲೆಯೆಂದು ಭಾವಿಸಲಾಗದು.

1675ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸ್ ತೂಗುಚಕ್ರಕ್ಕೆ ಸುರುಳಿ ಸ್ಪ್ರಿಂಗನ್ನು ಅಳವಡಿಸುವ ಕ್ರಮವನ್ನು ಪ್ರಕಟಿಸಿದನು. ದಿನಕ್ಕೆ ಅರ್ಧ ಗಂಟೆಯಷ್ಟಿದ್ದ ದೋಷವು ಕೆಲವು ನಿಮಿಷಗಳಿಗೆ ಇಳಿಯಿತು. ನಿಮಿಷದ ಮುಳ್ಳು ಸಾರ್ಥಕವಾಯಿತು. ಓದಲು ಗುಂಡನೆಯ ಸ್ಪಷ್ಟ ಮುಖ ಬೇಕಾಯಿತು. ಇದಕ್ಕೆ ಸ್ವಲ್ಪ ಮುಂಚೆ, 1666ರಲ್ಲಿ, ಇಂಗ್ಲೆಂಡಿನ ಎರಡನೆಯ ಚಾರಲ್ಸನು ಆಸ್ಥಾನದಲ್ಲಿ ಒಳಅಂಗಿಯ ಹೊಸ ಉಡುಪನ್ನು ಬಳಕೆಗೆ ತಂದಿದ್ದನು. ಕೊರಳಲ್ಲಿ ತೂಗುತ್ತಿದ್ದ ಗಡಿಯಾರವು ಪುರುಷರಲ್ಲಿ ಕ್ರಮೇಣ ಜೇಬಿಗೆ ಇಳಿಯಿತು. ಜೇಬಿನಲ್ಲಿ ಸಿಂಹಕ್ಕಾಗಲಿ ಶಿಲುಬೆಗಾಗಲಿ ಎಡೆಯಿಲ್ಲ.

ಹದಿನೆಂಟನೆಯ ಶತಮಾನದ ಕೊನೆಗೆ ಜಿನೀವಾದಲ್ಲಿ ಈ ಪದ್ಧತಿಯು ಮತ್ತೆ ಚಿಗುರಿತು. ಈ ಸಲ ನಿಖರತೆಯ ಕೊರತೆಯಲ್ಲ, ದೂರದೇಶದ ಗಿರಾಕಿಯ ಅಭಿರುಚಿಯೇ ಮುಖ್ಯ ಕಾರಣ. ಚಿನ್ನದ ಮೇಲೆ ಎನಾಮಲ್ ಬಣ್ಣವನ್ನು ಕಾಯಿಸಿ, ಅಂಚಿಗೆ ಸೀಳಿದ ಅರ್ಧಮುತ್ತುಗಳನ್ನು ಕೂಡಿಸಿ ಮಾಡಿದ ವೀಣೆಯಂಥ ವಾದ್ಯಗಳು, ಹಣ್ಣುಗಳು, ಜೀರುಂಡೆಗಳು ತುರ್ಕಿ, ಚೀನ ದೇಶಗಳಿಗೆ ಹೋದವು. ಚೀನಕ್ಕೆ ಹೋಗುವ ಗಡಿಯಾರಗಳನ್ನು ಕೆಲವೊಮ್ಮೆ ಕನ್ನಡಿಯ ಪ್ರತಿಬಿಂಬದಂತೆ ಜೋಡಿಯಾಗಿ ಮಾಡುತ್ತಿದ್ದರು. 1796ರಲ್ಲಿ ಆಂಟ್ವಾನ್ ಫಾವ್ರ್ ಎಂಬ ಜಿನೀವಾದ ಗಡಿಯಾರಗಾರನು, ಶ್ರುತಿಗೊಳಿಸಿದ ಉಕ್ಕಿನ ನಾಲಗೆಗಳನ್ನು ಮೀಟಿ ನಾದ ಹೊರಡಿಸುವ ಉಪಾಯವನ್ನು ಕಂಡುಹಿಡಿದ ಮೇಲೆ ಬೆರಳುದ್ದದ ಆಭರಣವೂ ಹಾಡತೊಡಗಿತು. 2001ರಲ್ಲಿ ತೆರೆದ ಜಿನೀವಾದ ಪಾಟೆಕ್ ಫಿಲಿಪ್ ಮ್ಯೂಸಿಯಮ್ಮಿನಲ್ಲಿ ಇವುಗಳ ಉತ್ತಮ ಮಾದರಿಗಳಿವೆ.

ಕಾಲನಿರ್ಣಯ ಮಾಡಹೊರಟ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತು ಅವಶ್ಯ. ಆಕಾರವನ್ನು ನೋಡಿ ಶತಮಾನವನ್ನು ಹೇಳಲಾಗದು. ಹಳೆಯ ಕವಚದಲ್ಲಿ ಹೊಸ ಯಂತ್ರವನ್ನೂ, ಹಳೆಯ ಯಂತ್ರಕ್ಕೆ ಹೊಸ ಕವಚವನ್ನೂ ಕೂಡಿಸಿರುವ ಉದಾಹರಣೆಗಳುಂಟು. 1675ರ ತರುವಾಯ ಒಡೆಯರು ಅನೇಕ ಹಳೆಯ ಗಡಿಯಾರಗಳಿಗೆ ಸುರುಳಿ ಸ್ಪ್ರಿಂಗನ್ನು ಹಾಕಿಸಿದರು. ಅಂಥವುಗಳ ತಟ್ಟೆಯ ಮೇಲೆ ಬಳಕೆಯಿಲ್ಲದ ತೂತುಗಳು ಉಳಿದಿರಬಹುದು. ಮುತ್ತು ಪಚ್ಚೆಗಳನ್ನು ಎಣಿಸುವುದಕ್ಕೆ ಮೊದಲು ಈ ತೂತುಗಳನ್ನು ಹುಡುಕಬೇಕು.