ತಗಡಿನ ಮೇಲಣ ಅಮೂರ್ತ ಚಿತ್ರಗಳು

ಪಟ್ಟಣಗಳಲ್ಲಿ ಹೊಸ ಮನೆ ಕಟ್ಟಿಸಿದವರೂ ಕಚೇರಿಗಳನ್ನು ಅಲಂಕರಿಸತಕ್ಕವರೂ ಈಗೀಗ ಅಲ್ಯೂಮಿನಿಯಂ ತಗಡಿನ ಮೇಲೆ ಅಚ್ಚಾದ ಅಮೂರ್ತ ಚಿತ್ರಗಳನ್ನು ತರಿಸಿ ಗೋಡೆಗೆ ತೂಗಹಾಕುತ್ತಿರುವರು. ಪ್ರತಿಕೃತಿಯನ್ನು ಕೊಳ್ಳುವುದು ಹೀನವೆಂದು ನಾವು ಹೇಳಲಾರೆವು. 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ರಾಜಾ ರವಿವರ್ಮರ ಮುದ್ರಣಾಲಯದಿಂದ ಹೊರಟ ಲಕ್ಷ್ಮೀ ಸರಸ್ವತಿಯರ ಪಟಗಳು ಎಷ್ಟು ಮನೆಗಳ ದೇವರ ಕೋಣೆಯನ್ನು ಸೇರಲಿಲ್ಲ! ಆದರೆ ತಾನು ಕೊಂಡದ್ದು ಅಚ್ಚಿನ ಪಟವೆಂಬುದರಲ್ಲಿ ಆ ಗೃಹಸ್ಥನಿಗೆ ಸಂದೇಹವಿರಲಿಲ್ಲ. ತಗಡಿನ ಪಟವಾದರೋ ತನ್ನ ಹೊಳಪಿನಿಂದಲೂ ಬೆಲೆಯಿಂದಲೂ ತಾನೇ ಮೂಲಕೃತಿಯೆಂಬ ಭ್ರಮೆಯನ್ನು ಹುಟ್ಟಿಸುತ್ತದೆ.

ಇದನ್ನು ಮಾಡುವ ಕ್ರಮವು ಸರಳವಾದುದು. ಚಿತ್ರವನ್ನು ಎಡಬಲ ತಿರುಗಿಸಿ ಕಾಗದದ ಮೇಲೆ ಅಚ್ಚು ಹಾಕಿ, ಲೇಪ ಬಳಿದ ತಗಡಿನ ಮೇಲಿಟ್ಟು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತುವರು. ಬಣ್ಣವು ಆವಿಯಾಗಿ ಲೇಪದೊಳಕ್ಕೆ ಇಳಿದು ನೆಲೆಸುತ್ತದೆ. ಗಾಜಿನ ಅಗತ್ಯವಿಲ್ಲ, ಒದ್ದೆ ಬಟ್ಟೆಯಿಂದ ಒರಸಬಹುದು. ಮಳೆಗಾಲದಲ್ಲಿ ಕಾಗದದ ಪಟಕ್ಕೆ ಬೂಷ್ಟು ಹಿಡಿಯುವ ಕರಾವಳಿ ಮಲೆನಾಡುಗಳವರಿಗೆ ಇದು ಸಣ್ಣ ಅನುಕೂಲವಲ್ಲ. ನೇರ ಬಿಸಿಲು ಮಾತ್ರ ಈ ಬಣ್ಣಗಳಿಗೂ ಶತ್ರುವೇ.

ನಷ್ಟವು ಬೇರೆಡೆ ಇದೆ. ದೇವರ ಪಟದಲ್ಲಿ ಬಣ್ಣ ಕೆಟ್ಟರೂ ಲಕ್ಷ್ಮಿಯು ಲಕ್ಷ್ಮಿಯೇ. ಅಮೂರ್ತ ಚಿತ್ರದಲ್ಲಾದರೆ ಗುರುತಿಸತಕ್ಕ ಆಕೃತಿಯಿಲ್ಲ. ಬಣ್ಣ, ಅದರ ದಪ್ಪ, ಅಳತೆ, ಕೈಯ ಗುರುತು ಇವುಗಳೇ ಅದರ ವಸ್ತು. ವಿ. ಎಸ್. ಗಾಯತೊಂಡೆಯವರು ರೋಲರಿನಿಂದಲೂ ಬಣ್ಣದ ಚೂರಿಯಿಂದಲೂ ಪದರದ ಮೇಲೆ ಪದರ ಹಚ್ಚಿ, ಕೆರೆದು, ಒಳಗಿನಿಂದ ಬೆಳಕು ಮೂಡುವಂತೆ ಮಾಡುತ್ತಿದ್ದರು. ತಗಡಿನಲ್ಲಿ ಕಾಣುವುದು ಎದುರಿನ ಕಿಟಕಿಯ ಬೆಳಕು. ಮೊಂಡ್ರಿಯಾನ್‌ರ ಚಿತ್ರಗಳ ಬಿಳಿಯ ಚೌಕಗಳಲ್ಲಿ ಕುಂಚದ ಗೆರೆಗಳು ಸ್ಪಷ್ಟವಾಗಿವೆ. ಬಿಳಿಯ ತಳಲೇಪವಿಲ್ಲದ ತಗಡಿನ ಮೇಲೆ ಅದೇ ಬಿಳುಪು ಬೆಳ್ಳಿಯ ಬಣ್ಣವಾಗಿಬಿಡುತ್ತದೆ. ಆದ್ದರಿಂದ ಬಿಳಿ ಲೇಪದ, ಹೊಳಪಿಲ್ಲದ ತಗಡನ್ನೇ ಕೇಳತಕ್ಕದ್ದು. ಮೂಲದ ಅಳತೆಯೇನೆಂಬುದನ್ನೂ ವಿಚಾರಿಸತಕ್ಕದ್ದು.

ಇದಕ್ಕಿಂತ ಗುರುತರವಾದ ಪ್ರಶ್ನೆಯು ಹಕ್ಕಿನದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ನಮ್ಮ ದೇಶದಲ್ಲಿ ಚಿತ್ರಕಾರನ ಹಕ್ಕು ಅವನ ಮರಣದ ತರುವಾಯ 60 ವರ್ಷಗಳವರೆಗೆ ಉಳಿಯುತ್ತದೆ. ಕ್ಯಾಂಡಿನ್‌ಸ್ಕಿ, ಮೊಂಡ್ರಿಯಾನ್ ಇಬ್ಬರೂ 1944ರಲ್ಲಿ ತೀರಿಕೊಂಡವರು. ಅವರ ಚಿತ್ರಗಳನ್ನು ಇಲ್ಲಿ ಯಾರಾದರೂ ಅಚ್ಚು ಹಾಕಬಹುದು. ಗಾಯತೊಂಡೆಯವರು ನಿಧನರಾದುದು 2001ರಲ್ಲಿ, ಎಸ್. ಎಚ್. ರಝಾರವರು 2016ರಲ್ಲಿ. ಇವರ ಕೃತಿಗಳನ್ನು ಹಕ್ಕುದಾರರ ಅನುಮತಿಯಿಲ್ಲದೆ ಮುದ್ರಿಸಿ ಮಾರುವುದು ಪರಸ್ವಾಪಹರಣವೇ ಸರಿ. ತರಕಾರಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೊಳ್ಳುವ ನಮ್ಮ ಮಹಾಜನರು ಇಲ್ಲಿ ಚಿತ್ರಕಾರನ ಹೆಸರನ್ನು ಸಹ ಕೇಳುವುದಿಲ್ಲವೆಂಬುದು ಸೋಜಿಗ! ಎಷ್ಟೋ ತಗಡುಗಳಿಗೆ ‘ನೀಲಿ ಅಮೂರ್ತ’ ಎಂಬಂಥ ಹೆಸರಲ್ಲದೆ ಬೇರೆ ಗುರುತೇ ಇರುವುದಿಲ್ಲ.

ಬೆಂಗಳೂರಿನವರಿಗಾದರೆ ಇನ್ನೊಂದು ದಾರಿಯೂ ಉಂಟು. ಕರ್ನಾಟಕ ಚಿತ್ರಕಲಾ ಪರಿಷತ್ತು ಸಾಮಾನ್ಯವಾಗಿ ವರ್ಷಾರಂಭದಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಚಿತ್ರಕಾರರು ತಾವೇ ತಮ್ಮ ಕೃತಿಗಳೊಡನೆ ಕುಳಿತಿರುತ್ತಾರೆ. ಅಲ್ಲಿ ಬಣ್ಣದ ದಪ್ಪವನ್ನು ಕಣ್ಣಾರೆ ಕಾಣಬಹುದು, ಬರೆದವರನ್ನೇ ಮಾತನಾಡಿಸಬಹುದು. ಅಮೂರ್ತವೂ ಉಂಟು, ಅಗ್ಗದ್ದೂ ಉಂಟು.